ಲಕ್ಷ್ಮಿದೇವಿಯ ಬೊಗಸೆ

ಜಗಳೂರು ಸೀಮೆಯಲ್ಲಿ ಮಳೆ ಬಂದರೆ ಯಾರೂ ಕದ ಹಾಕಿಕೊಳ್ಳುವುದಿಲ್ಲ. ಅವತ್ತು ಸಂಜೆಯೂ ಹಾಗೇ. ಎರಡು ವರ್ಷ ಮುಖ ತೋರಿಸದ ಮಳೆ ಧೋ ಎಂದು ಸುರಿಯುತ್ತಿತ್ತು, ಓಣಿಯವರೆಲ್ಲ ನಮ್ಮ ದುರುಗಮ್ಮಜ್ಜಿಯ ಪಡಸಾಲೆಯಲ್ಲಿ ಹುರಿದ ಶೇಂಗಾ ಮೆಲ್ಲುತ್ತ ಕೇಕೆ ಹಾಕುತ್ತಿದ್ದರು. ಚನ್ನಗಿರಿಯಿಂದ ರಜಕ್ಕೆ ಬಂದಿದ್ದ ಮೊಮ್ಮಗಳು ನಾನು, ಚೈತ್ರಶ್ರೀ. "ದೆವ್ವದ ಕತೆ ಹೇಳಜ್ಜಿ" ಎಂದೆ. ಅಜ್ಜಿಗೆ ಅಷ್ಟು ಸಾಕಾಯಿತು.

"ಕತೆ ಅಲ್ಲವ್ವಾ, ನಡೆದದ್ದು! ನಮ್ಮಕ್ಕ ಲಕ್ಷ್ಮಿದೇವಿಗೆ ತೊನ್ನಿತ್ತು. ಅಷ್ಟಕ್ಕೇ ಊರೋರು ಬಾವಿ ಮುಟ್ಟಾಕೆ ಬಿಡ್ತಿರಲಿಲ್ಲ. ಅವ್ಳು ಬೊಗಸೆ ಒಡ್ಡೋಳು, ನಾನು ಮೇಲಿಂದ ಹುಯ್ಯೋಳು... ಸತ್ತಾಗ ಹೂಳಿದ್ವಿ. ಆ ವರ್ಷ ಮಳೆ ಕೈಕೊಡ್ತು, ಮರುವರ್ಷಾನೂ ಹಂಗೇ. ಈ ಸೀಮೆ ಮಳೆ ಬುದ್ಧಿ ಗೊತ್ತಲ್ಲೇನ್ರೋ? ನಮ್ಮಜ್ಜನ ಕಾಲದಾಗಿಂದ ಒಂದು ವರ್ಷ ಕೊಟ್ರೆ ಮೂರು ವರ್ಷ ಕೈ ಎತ್ತೋದೇ! ಊರೋರು ಏನಂದ್ರು? 'ತೊನ್ನಿನೋರನ್ನ ಹೂಳಿದ್ರೆ ಮಳೆ ಹೋಗ್ತೈತೆ, ಹೆಣ ತೆಗೆದು ಸುಡ್ರಿ' ಅಂದ್ರು. ಬದುಕಿದ್ದಾಗ ನೀರು ಮುಟ್ಟಾಕೆ ಬಿಡಲಿಲ್ಲ, ಸತ್ತ ಮೇಲೆ ಮಣ್ಣೂ ಬ್ಯಾಡ್ವಾ?

ಹೊತ್ತು ಮುಳುಗಾಕೆ ಮುಂಚೆ ಗುದ್ದಲಿ, ಸೀಮೆಎಣ್ಣೆ ಡಬ್ಬ ಹಿಡ್ಕಂಡು ಹೊಂಟ್ರು. ಸುಡೋಕಿಂತ ಮುಂಚೆ ಒಂದು ಗುಟುಕು ನೀರಾದ್ರೂ ಬಿಡಾನ ಅಂತ ನಾನು ತಂಬಿಗೆ ತಗಂಡು ಹಿಂದೇ ಓಡಿದೆ. ಅಗೆದ್ರು, ಅಗೆದ್ರು... ಮೊದ್ಲು ಏನು ಬಂತು ಗೊತ್ತೇನ್ರೋ? ಎರಡು ಕೈ! ಬೊಗಸೆ ಮೇಲಕ್ಕೆ ಒಡ್ಕಂಡು! ಗಂಡಸರೆಲ್ಲ ಗುದ್ದಲಿ ಬಿಸಾಕಿ ಕಾಲಿಗೆ ಬುದ್ಧಿ ಹೇಳಿದ್ರು ನೋಡ್ರಿ... ನಾನು ಹೆಂಗೆ ಓಡ್ಲಿ? ನಮ್ಮಕ್ಕ! ಹುಯ್ದೆ. ಮಣ್ಣಿನೊಳಗೆ ಗಟಗಟ ಅಂತ ಸಪ್ಪಳ, ಬೊಗಸೆ ಖಾಲಿ! ಮಣ್ಣು ಎಳೆದು ಮುಚ್ಚಿ ಮನೆ ಮುಟ್ಟೋದ್ರಾಗೆ ಮಳೆ ಹಿಡ್ಕಂತು!

ಆಮೇಲೆ ಬರ ಎಷ್ಟು ಸಲ ಬಂದಿಲ್ಲ? ಒಬ್ರೂ ಅಲ್ಲಿ ಗುದ್ದಲಿ ಎತ್ತಿಲ್ಲ. ಮಳೆ ಹೋದಾಗೆಲ್ಲ ನಾನೇ ಹೋಗಿ ಹುಯ್ದು ಬರ್ತೀನಿ. ಮೊನ್ನೇನೂ ಹೋಗಿದ್ದೆ."

ಯಾರೂ ಶೇಂಗಾ ಮುಟ್ಟುತ್ತಿರಲಿಲ್ಲ. ನಾನು ಅಜ್ಜಿಯ ಮಗ್ಗುಲಿಗೆ ಸರಿದು ಕೂತೆ.

"ಈ ಸಲ ನನ್ನ ಕೈ ನಡುಗಿ ಅರ್ಧ ನೀರು ಅಕ್ಕನ ಬೊಗಸೆಯಿಂದ ಹೊರಗೇ ಚೆಲ್ತು. ಅದಕ್ಕೇ ಅಕ್ಕ ಕೇಳಿದ್ಲು, ನೀನು ಹೋದ್ಮೇಲೆ ಯಾರೇ ಹುಯ್ಯೋರು ಅಂತ..." ಅಜ್ಜಿ ನನ್ನ ಕೈ ಹಿಡಿದುಕೊಂಡು ನಕ್ಕಳು. "ನಿನ್ನ ಹೆಸರು ಹೇಳೀನವ್ವಾ. ನೀನೇನೂ ಇಲ್ಲೀತನಕ ಬರೋದು ಬ್ಯಾಡ. ಅಕ್ಕಾನೇ ಚನ್ನಗಿರಿ ದಾರಿ ಕೇಳ್ಕಂಡಾಳೆ."