ಗೋರೆ ಹಬ್ಬಕ್ಕೆ ಬಿಳಿ ಪ್ಯಾಂಟು

೧೯೮೩, ದೀಪಾವಳಿಗೆ ಒಂದು ವಾರ. ತಾಳವಾಡಿಯಲ್ಲಿ ಸತ್ಯಮಂಗಲದ ಬಸ್ಸು ಎಂದಿನ ಶ್ರದ್ಧೆಯಿಂದ ತಡವಾಗಿತ್ತು. ನನ್ನ ಬೆನ್ನ ಹಿಂದೆ ಬಿ.ಎಸ್ಸಿ. ಓದುವ ಇಬ್ಬರು ಕೂತಿದ್ದರು: ಗುಮಟಾಪುರದ ರೈತನ ಮಗ ರಾಚಪ್ಪ, ತಾಳಮಲೆ ಕಾಡಿನ ಸೋಲಿಗರ ಜಡೆಯ.

“ಫಿಸಿಕ್ಸ್ ಸಾರ್‌ನ ನಮ್ಮೂರ ಗೋರೆ ಅಬ್ಬಕ್ಕೆ ಕರ್ದಿವ್ನಿ ಕಣ್ಲಾ,” ಎಂದ ರಾಚಪ್ಪ.

“ಬತ್ತರಂತಾ?”

“ಬಿಳಿ ಪ್ಯಾಂಟ್ ಆಕ್ಕಂಡು ಬತ್ತರಂತೆ. ಬರೀ ಪೂಜೆ ಅಂದ್ಕಂಡವ್ರೆ. ಊರೋರೆಲ್ಲ ಸಗಣಿ ಎರಚಾಡದ ನಾನು ಯೇಳ್ನಿಲ್ಲ.”

“ಕ್ವಾಪ ಮಾಡ್ಕಂಡ್ರೆ?”

“ಆವತ್ತು ಸಗಣಿ ಬಿದ್ರೆ ಯಾರೂ ಕ್ವಾಪ ಮಾಡ್ಕಬಾರ್ದು, ಬೀರೇಶ್ವರನ ಕಟ್ಟಳೆ. ಮೊದಲ್ನೇ ಉಂಡೆ ನಿಂದೇ ಕಣ. ವರ್ಸೆಲ್ಲ ಲ್ಯಾಬಲ್ಲಿ ನಿನ್ನ ಮೂಲೇಲಿ ನಿಲ್ಸವ್ರಲ್ಲ.”

“ಒಂದ್ ವೋಲ್ಟ್‌ಮೀಟ್ರೂ ಮುಟ್ನಿಲ್ಲ. ‘ಕಾಡ್ ಕೈ, ಒಡ್ದಾಕ್ತೀಯ. ಮುಟ್ಬೇಡ, ದೂರ ನಿಂತ್ಕಂಡು ನೋಡಿ ಕಲಿ’ ಅಂತರೆ. ಮಾರ್ಚ್‌ಗೆ ಪ್ರಾಕ್ಟಿಕಲ್ ಪರೀಕ್ಷೆ. ಫೇಲಾದ್ರೆ ಸ್ಕಾಲರ್‌ಶಿಪ್ಪೂ ಓಯ್ತು, ಓದೂ ಓಯ್ತು.”

“ಅದ್ಕೇ ಗುರಿಯಿಟ್ಟು ಎಸಿ ಅಂತಿರಾದು.”

ಜಡೆಯ ಒಪ್ಪಲಿಲ್ಲ.

“ಎಸಿಯದ ನೀವೇ ಎಸೀರಿ. ನಾನು ನೀರಿನ ಬಿಂದ್ಗೆ ಇಡ್ಕಂಡು ನಿಂತಿರ್ತಿನಿ.”

“ತೊಳ್ಕಳಕ್ಕೆ ನೀರ್ ಕೊಟ್ಟೀಯೇನ್ಲಾ ಆ ವಯ್ಯಂಗೆ? ಒಳ್ಳೆ ಸಂತ ಕಣ ನೀನು.”

“ಕೈ ನೀಡ್ಲಿ. ‘ಮುಟ್ಬೇಡಿ ಸಾರ್, ದೂರ ನಿಂತ್ಕಂಡು ನೋಡಿ ಕಲೀರಿ’ ಅಂತಿನಿ.”

ಇಂಥ ಸಂತರಿಗೆ ನಾನೂ ಕೈಮುಗಿಯುವವನೇ. ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಮೆಟ್ಟಿಲು ಹತ್ತುತ್ತಿದ್ದರು.

“ಆಮ್ಯಾಕೆ?” ಎಂದ ರಾಚಪ್ಪ.

“ಮಖದ ಮ್ಯಾಲೆ ಸಗಣಿ ಒಣಗೋಗಂಟ ಕಾಯ್ತಿನಿ. ಲ್ಯಾಬಲ್ಲಿ ಮುಟ್ಟಕ್ಕೆ ಬುಡ್ತಿನಿ ಅಂತ ಊರೋರ ಮುಂದೆ ಅಂದ್ರೆ, ಆಗ ಬಿಂದ್ಗೆ ಬಗ್ಗುಸ್ತಿನಿ.”

ಬಸ್ಸು ಘಾಟಿಯ ಕಡೆ ಹೊರಟಿತು.