ಬಲಮೂಲೆಯ ಗುಂಡಿ

ಹಲೋ... ಯಾರು, ನಿಝಾರಾ? ನಾನು ಇಬ್ತಿಸಾಮ್, ಸ್ಫಾಕ್ಸ್ ಊರಿಂದ. ಬೆಳಗ್ಗೆಯಿಂದ ಫೋನ್ ಮಾಡ್ತಾನೇ ಇದೀನಿ, ಎಲ್ಲಿ ಹಾಳಾಗಿ ಹೋಗಿದ್ದೆ?

... ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಲಿನಕ್ಸ್‌ನಲ್ಲಿ ಬರವಣಿಗೆ ಮಾಡೋಕೆ ನಿಮ್ಮ ಗುಂಪಿನವರ ಪ್ರೋಗ್ರಾಮ್ ಇದೆಯಲ್ಲ, ಅದರ ಹೊಸ ಆವೃತ್ತಿನ ಅಮ್ಮನ ಕಂಪ್ಯೂಟರಿಗೆ ಹಾಕಿದೆ. ವಿಂಡೋದ ಮೇಲಿನ ಪಟ್ಟಿ ಬದಲಾಯಿಸಿದ್ದು ನೀನೇ ಅಲ್ವಾ?

... ಹಾಂ, ಚೆಂದ ಇದೆ. ಚೆಂದ ತಗೊಂಡು ಉಪ್ಪಿನಕಾಯಿ ಹಾಕ್ಲಾ? ಮೆನು ಸಾಲು ಎಲ್ಲಿ ಹೋಯ್ತು?

... ಎಲ್ಲಾ ಒಂದೇ ಗುಂಡಿಯೊಳಗೆ ತುರುಕಿದ್ರಾ. ಸರಿ. ಅಮ್ಮ ಅರಬ್ಬಿಯಲ್ಲಿ ಬರೆಯೋರು, ಅವರಿಗೆ ಎಲ್ಲಾ ಬಲಗಡೆಯಿಂದ ಶುರು. ಉಳಿಸೋ ಮೆನು ಬಲಮೂಲೇಲಿತ್ತು. ಈಗ ಅಲ್ಲೇನಿದೆ ಗೊತ್ತಾ? ಮುಚ್ಚೋ ಗುಂಡಿ.

... ಹೌದಪ್ಪಾ, ಉಳಿಸೋಕೆ ಹೋದಾಗಲೆಲ್ಲ ಮುಚ್ಚಿಕೊಳ್ಳುತ್ತೆ.

... ಕೇಳುತ್ತೆ, ಕೇಳುತ್ತೆ, ಉಳಿಸಲಾ ಬೇಡ್ವಾ ಅಂತ. ಅದರ ಗುಂಡಿಗಳೂ ಅದಲುಬದಲು, ಉಳಿಸು ಅಂದ್ಕೊಂಡು ಬೇಡ ಅನ್ನೋದನ್ನೇ ಒತ್ತಿಬಿಡ್ತಾರೆ. ಪಕ್ಕದ ಮನೆ ಹುಡುಗಿಯ ಮದುವೆಗೆ ಬರೀತಿದ್ದ ಹಾಡು, ಪೂರ್ತಿ ಹೋಯ್ತು. ಮತ್ತೆ ಬರೆದರು, ಅದೂ ಹೋಯ್ತು.

... ಪರೀಕ್ಷೆ ಮಾಡಿದ್ಯಾ? ಯಾವ ಭಾಷೇಲಿ ಇಟ್ಕೊಂಡು?

... ಫ್ರೆಂಚಲ್ಲಿ. ನೋಡು ಮತ್ತೆ. ನಿಮ್ಮಲ್ಲಿ ಒಬ್ಬರಾದ್ರೂ ಅರಬ್ಬಿ ಪರದೆ ಇಟ್ಕೊಂಡಿದ್ದೀರಾ?... ಒಬ್ಬರೂ ಇಲ್ಲ. ನಿನ್ನ ಕೈ ಹಿಡಿದು ಬಲದಿಂದ ಎಡಕ್ಕೆ ಬರೆಸಿದ ಟೀಚರಮ್ಮ ಕಣೋ ನಮ್ಮಮ್ಮ.

... ಮುಂದಿನ ಸಲ ಸರಿ ಮಾಡ್ತೀಯಾ? ಮುಂದಿನ ಸಲ ಅಂದ್ರೆ ಯಾವಾಗ, ಚಳಿಗಾಲಕ್ಕಾ? ಹಳೇದನ್ನ ನಾನೇ ವಾಪಸ್ ಹಾಕ್ತೀನಿ ಬಿಡು, ವಿಷಯ ಅದಲ್ಲ. ನಮ್ಮ ದೊಡ್ಡಮ್ಮನಿಗೆ ಮರೆವು ಶುರುವಾಗಿದ್ದೂ ಹೀಗೇ, ಚಿಕ್ಕಚಿಕ್ಕ ಕೆಲಸ ಕೈತಪ್ಪಿ. ಹಾಡು ಹೋಗಿದ್ದು ತಮ್ಮ ಮರೆವಿಂದಲೇ, ಈಗ ತಮ್ಮ ಸರದಿ ಅಂತಾರೆ ಅಮ್ಮ. ಸರಿಯಾಗಿ ಊಟ ಇಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋಗು ಅಂತ ಸಫ್ಸಾರಿ ಮುಸುಕು ಹೊದ್ಕೊಂಡು ಬಾಗಿಲ ಹತ್ರ ಕೂತಿದ್ದಾರೆ.

... ನಾನು ಹೇಳಿದೆ. ನಂಬಲ್ಲ. ಮಗಳು ಸಮಾಧಾನಕ್ಕೆ ಹೇಳ್ತಾಳೆ ಅಂತಾರೆ. ನೀನು ಹೇಳಬೇಕು, ತಪ್ಪು ನಂದು ಟೀಚರ್, ಗುಂಡಿ ಜರುಗಿಸಿದ್ದು ನಾನು ಅಂತ.

... ನಾಚಿಕೆ ಆಮೇಲೆ ಪಡು. ಕೊಡ್ತೀನಿ, ಇರು.

ಅಮ್ಮಾ, ತಗೊಳ್ಳಿ. ನಿಝಾರ್, ನಿಮ್ಮ ಶಿಷ್ಯ. ಕಿವಿಗಿಟ್ಕೊಳ್ಳಿ, ಅವನೇ ಹೇಳ್ತಾನೆ.

... ಏನಂದ?... ಏನೂ ಕೇಳ್ತಿಲ್ವಾ? ಕೊಡಿ ಇಲ್ಲಿ. ಹಲೋ, ನಿಝಾರ್? ಹಲೋ?

... ಇಲ್ಲಮ್ಮಾ, ನೀವೇನೂ ಒತ್ತಿಲ್ಲ. ಲೈನೇ ಕಟ್ಟಾಯ್ತು... ಇಲ್ಲಮ್ಮಾ. ನಿಮ್ಮ ಬೆರಳು ಎಲ್ಲೂ ತಾಗಿಲ್ಲ.