ಹೊಸ ಬೇರಿಂಗಿಗೆ ಅಮಾವಾಸ್ಯೆಯ ಕೀಲೆಣ್ಣೆ

ನನ್ನ ಹೆಸರು ದುರ್ಗಾಂಬಿಕಾ, ತಾಯಿಯ ಹೆಸರು ಚೌಡಮ್ಮ, ವಯಸ್ಸು 24 ವರ್ಷ, ಕೆಲಸ ಟ್ರ್ಯಾಕ್ಟರ್ ಓಡಿಸುವುದು, ವಾಸ ಬಿಳಿಚೋಡು ಗ್ರಾಮ, ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ. ದಿನಾಂಕ 07-07-2025ರಂದು ಬೆಳಿಗ್ಗೆ 11 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಕೇಳಿದ್ದಕ್ಕೂ ಕೇಳದೆ ಉಳಿದದ್ದಕ್ಕೂ ಕೊಡುತ್ತಿರುವ ಹೇಳಿಕೆ ಹೀಗಿದೆ.

ನಾನು ಹತ್ತನೇ ತರಗತಿಯವರೆಗೆ ಶಾಲೆಯಲ್ಲಿ ಓದಿದ್ದೇನೆ. ಉಳಿದದ್ದನ್ನು ರೈತ-ಕಾರ್ಮಿಕ ಚಳವಳಿಯ ಕಿರುಹೊತ್ತಿಗೆಗಳಿಂದ ಓದಿಕೊಂಡಿದ್ದೇನೆ. ನಮ್ಮ ಊರಿನ ಸಣ್ಣ ಹಿಡುವಳಿಯ ಕೆಲವು ಮನೆಗಳವರು ಸೇರಿ ಕೂಡುಬೇಸಾಯದ ಸಂಘ ಮಾಡಿಕೊಂಡಿದ್ದೇವೆ. ಅದರ ಅಧ್ಯಕ್ಷರು ಯರ್ರಿಸ್ವಾಮಿಯವರು. ಸಂಘಕ್ಕೆ ಒಂದೇ ಟ್ರ್ಯಾಕ್ಟರ್ ಇದೆ. 1974ನೇ ಇಸವಿಯದು, ಚನ್ನಗಿರಿಯ ಮಹೇಶ್ವರಪ್ಪನವರಿಂದ ಕೊಂಡದ್ದು. ಅದನ್ನು ಓಡಿಸುವವಳು ನಾನೊಬ್ಬಳೇ. ನನ್ನ ಲೈಸೆನ್ಸನ್ನು ಹಾಜರುಪಡಿಸಿದ್ದೇನೆ.

ಮೇ ಕೊನೆಯ ವಾರದಲ್ಲಿ ಟ್ರ್ಯಾಕ್ಟರಿನ ಎರಡೂ ಹಿಂಗಾಲಿಗಳು ಅಲುಗಾಡತೊಡಗಿದವು. ಅಷ್ಟು ಹಳೆಯ ಗಾಡಿಯ ಹಿಂದಿನ ಆಕ್ಸಲ್ ಬಿಚ್ಚಲು ಜಗಳೂರಿನಲ್ಲಿ ಯಾರೂ ಒಪ್ಪಲಿಲ್ಲ. ಮಹೇಶ್ವರಪ್ಪನವರನ್ನು ಕೇಳಿದಾಗ, ಮೊದಲಿನಿಂದಲೂ ಅದನ್ನು ರಿಪೇರಿ ಮಾಡುತ್ತಿದ್ದವರು ಚನ್ನಗಿರಿಯ ಮೆಕ್ಯಾನಿಕ್ ಮೈಲಾರಿ ಎಂದು ತಿಳಿಸಿದರು. ಮೈಲಾರಿಯವರು 10-06-2025ರಂದು ಹೊಸ ಬೇರಿಂಗ್‌ಗಳನ್ನು ತೆಗೆದುಕೊಂಡು ಬಸ್ಸಿನಲ್ಲಿ ಬಂದರು.

ಈ ಮೈಲಾರಿಯವರಿಗೂ ನನಗೂ ಸ್ನೇಹವಿಲ್ಲ. ಅವರಿಗೆ ಬಾಯಿ ಜಾಸ್ತಿ. ಬಂದವರೇ ಡ್ರೈವರ್ ಯಾರು ಎಂದು ಕೇಳಿ, ನಾನು ಎಂದಾಗ, ‘ಅದಕ್ಕೇ ಮತ್ತೆ ಬೇರಿಂಗು ಹಿಂಗೆ ಅಳ್ತಾ ಐತೆ’ ಎಂದು ನಕ್ಕರು. ಟ್ರ್ಯಾಕ್ಟರಿಗೆ ಗಂಡು ಹೆಣ್ಣು ತಿಳಿಯುವುದಿಲ್ಲ, ಕ್ಲಚ್ ಮಾತ್ರ ತಿಳಿಯುತ್ತದೆ ಎಂದು ನಾನು ಹೇಳಿದೆ. ಅದಕ್ಕೆ ಅವರು, ‘ಆಯ್ತು ಬಿಡ್ರೀ ಲೀಡರಮ್ಮ, ಭಾಷಣ ಆಮೇಲೆ, ಮೊದ್ಲು ಜಾಕ್ ಹಿಡೀರಿ’ ಎಂದರು. ಕೆಲಸ ಮುಗಿಯುವವರೆಗೂ ನನ್ನನ್ನು ಲೀಡರಮ್ಮ ಎಂದೇ ಕರೆದರು. ತನ್ನ ಕೈ ಸೋಕಿದ ಬೇರಿಂಗ್ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದು ಊರಿನವರ ಮುಂದೆ ಕೊಚ್ಚಿಕೊಂಡರು. ಇವತ್ತು ಅವರ ಮಾತನ್ನು ಯಾರೂ ನಂಬದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಕೆಲಸವನ್ನು ನಾನು ಪಕ್ಕದಲ್ಲಿದ್ದು ನೋಡಿದ್ದೇನೆ. ಆಕ್ಸಲ್ ಕೆಳಗೆ ಜಾಲಿ ಮರದ ದಿಮ್ಮಿ ಕೊಟ್ಟು, ಗಾಲಿ ಕಳಚಿ, ಗಾಲಿಯನ್ನು ತಿರುಗಿಸುವ ಶಾಫ್ಟನ್ನು ಹೊರಗೆ ಎಳೆದರು. ಬೇರಿಂಗ್ ಜರುಗದಂತೆ ಶಾಫ್ಟಿನ ಮೇಲೆ ಬಿಗಿಯಾಗಿ ಕೂರುವ ಒಂದು ಉಕ್ಕಿನ ಬಳೆ ಇರುತ್ತದೆ. ಹಳೆಯ ಬಳೆಯನ್ನು ಉಳಿಯಿಂದ ಸೀಳಿ ತೆಗೆದರು. ಹೊಸ ಬೇರಿಂಗ್‌ಗಳ ಪೊಟ್ಟಣವನ್ನು ನನ್ನ ಕೈಯಲ್ಲೇ ಒಡೆಸಿದರು. ಹೊಸ ಬಳೆಯನ್ನು ಇದ್ದಿಲ ಕೆಂಡದಲ್ಲಿ ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಒಂದೇ ಏಟಿಗೆ ಇಳಿಸಿದರು. ಆ ಹೊತ್ತಿನಲ್ಲಿ ಮಾತ್ರ ಅವರು ಮಾತಾಡಲಿಲ್ಲ. ಆಮೇಲೆ ಗ್ರೀಸ್ ತುಂಬಿ ಎರಡೂ ಗಾಲಿ ಜೋಡಿಸಿದರು. ತೆಗೆದ ಹಳೆಯ ಬೇರಿಂಗ್‌ಗಳನ್ನು ನಾನೇ ಡೀಸೆಲ್‌ನಲ್ಲಿ ತೊಳೆದು ಶೆಡ್ಡಿನಲ್ಲಿ ಇಟ್ಟಿದ್ದೇನೆ. ಮುಂದಿನ ಎರಡು ವಾರ ಗಾಲಿಗಳಿಂದ ಯಾವ ಸದ್ದೂ ಬರಲಿಲ್ಲ.

25-06-2025 ಮಣ್ಣೆತ್ತಿನ ಅಮಾವಾಸ್ಯೆ. ಅಂದು ನಾನು ಊರಿನಲ್ಲಿರಲಿಲ್ಲ. ನ್ಯಾಮತಿ ತಾಲ್ಲೂಕಿನ ಸವಳಂಗದಲ್ಲಿ ನಡೆದ ಅಧ್ಯಯನ ಶಿಬಿರಕ್ಕೆ ಹೋಗಿದ್ದೆ. ವಾಪಸು ಬಂದಾಗ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಒಂದು ಜೊತೆ ಮಣ್ಣೆತ್ತು ಇದ್ದವು, ಗಾಲಿಗಳಿಗೆ ವಿಭೂತಿ ಬಳಿದಿತ್ತು. ಅದು ನನ್ನ ತಾಯಿಯ ತಂದೆ ಚಿಕ್ಕಹನುಮಂತಪ್ಪನವರ ಕೆಲಸ ಎಂದು ತಿಳಿಯಿತು. ಅವರಿಗೆ 76 ವರ್ಷ. ಐವತ್ತು ವರ್ಷ ಎತ್ತಿನ ಗಾಡಿ ಹೊಡೆದವರು. ಎತ್ತುಗಳನ್ನು ಮಾರಿದ ಮೇಲೆ ಟ್ರ್ಯಾಕ್ಟರಿನ ಮೈ ಒರೆಸುವುದನ್ನು ಅವರು ವಹಿಸಿಕೊಂಡಿದ್ದಾರೆ.

05-07-2025ರ ಮಧ್ಯಾಹ್ನ ಸುಮಾರು 3-30ಕ್ಕೆ ಜಗಳೂರಿನಿಂದ ಬಿತ್ತನೆಗೆ ಗೊಬ್ಬರದ ಚೀಲ ಹೇರಿಕೊಂಡು ಬರುತ್ತಿದ್ದೆ. ವೇಗ ಗಂಟೆಗೆ ಇಪ್ಪತ್ತು ಕಿ.ಮೀ. ಒಳಗೇ ಇತ್ತು. ಬಿಳಿಚೋಡು ಇನ್ನೂ ಎರಡು ಕಿ.ಮೀ. ಇರುವಾಗ ಎಡ ಹಿಂಗಾಲಿಯಿಂದ ಕಿರುಗುಟ್ಟಿದ ಸದ್ದು ಬಂತು. ಬ್ರೇಕ್ ಒತ್ತುವಷ್ಟರಲ್ಲಿ ಗಾಲಿ ಶಾಫ್ಟಿನ ಸಮೇತ ಹೊರಬಂದು, ರಸ್ತೆ ಬದಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ನಮ್ಮೂರಿನ ಕಾಟಮ್ಮನವರ ಬಲಗಾಲಿನ ಮೇಲೆ ಬಿತ್ತು. ನಾನೂ ದಾರಿಹೋಕರಿಬ್ಬರೂ ಗಾಲಿ ಎತ್ತಿದೆವು. ಮೊಣಕಾಲಿನ ಕೆಳಗೆ ಮೂಳೆ ಮುರಿದದ್ದು ಕಾಣುತ್ತಿತ್ತು. ಕಾಟಮ್ಮನವರು, ‘ನನ್ ಕಾಲು ಅತ್ಲಾಗಿರ್ಲಿ, ಮೊದ್ಲು ಕುರಿ ತಿರುಗಿಸ್ರೀ, ಕಂಡೋರ ಹೊಲಕ್ಕೆ ನುಗ್ತಾವೆ’ ಎಂದು ಕೂಗುತ್ತಲೇ ಇದ್ದರು. ಆಂಬುಲೆನ್ಸ್ ಬಂದದ್ದು 4-10ಕ್ಕೆ. ಅವರು ಈಗ ದಾವಣಗೆರೆಯಲ್ಲಿ ಚಿಕಿತ್ಸೆಯಲ್ಲಿದ್ದಾರೆ.

ಆಂಬುಲೆನ್ಸ್ ಹೋದ ಮೇಲೆ ಶಾಫ್ಟನ್ನು ನೋಡಿದೆ. ಬೇರಿಂಗ್ ಸುಟ್ಟು ನೀಲಿಯಾಗಿತ್ತು, ಆ ಕಾವಿಗೆ ಉಕ್ಕಿನ ಬಳೆ ಸಡಿಲವಾಗಿ ಜಾರಿತ್ತು. ಗ್ರೀಸ್ ಇರಲಿಲ್ಲ. ಅದರ ಜಾಗದಲ್ಲಿ ಕಪ್ಪನೆಯ, ಮರಳಿನಂತೆ ಕೈಗೆ ಒರಟಾಗಿ ಸಿಗುವ ಅಂಟು ಇತ್ತು. ಹರಳೆಣ್ಣೆಯ ವಾಸನೆ ಬರುತ್ತಿತ್ತು. ಆ ವಾಸನೆ ನಮ್ಮ ಮನೆಯದೇ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಅದು.

ಮನೆಗೆ ಬಂದು ಅಜ್ಜನನ್ನು ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ‘ನಾನೇ ಹಾಕಿದ್ದು ಕಣವ್ವ. ಆ ಚನ್ನಗಿರಿಯವ್ನು ತುಂಬಿದ್ದು ಬೆಣ್ಣೆ ಇದ್ದಂಗೆ ಇತ್ತು, ಅದರಾಗೇನು ಕಸುವೈತೆ? ಹೊಸಾ ಕೀಲಿಗೆ ಮೊದಲ್ನೇ ಅಮಾಸೆಗೆ ಎಣ್ಣೆ ಕುಡಿಸ್ಬೇಕು, ಇಲ್ಲಾಂದ್ರೆ ಗಾಲಿ ಮುನಿಸ್ಕೊಂತೈತೆ’ ಎಂದರು. ಗ್ರೀಸ್ ಗನ್ನಿನಲ್ಲಿ ಇದ್ದದ್ದನ್ನು ಹಿಂಡಿ ತೆಗೆದು, ಕೀಲೆಣ್ಣೆ ತುಂಬಿ, ಹಳದಿ ಗ್ರೀಸೆಲ್ಲ ಹೊರಗೆ ಬಂದು ಕಪ್ಪು ಕಾಣುವವರೆಗೆ ಎರಡೂ ಗಾಲಿಗೆ ಒತ್ತಿದ್ದಾಗಿ ತಿಳಿಸಿದರು. ಮರದ ಗಾಡಿಗೆ ಹಿತವಾದ ಕರಿ ಬೇರಿಂಗಿನ ಗುಂಡುಗಳನ್ನು ಅರೆಯುತ್ತದೆ ಎಂದು ವಿವರಿಸಿದೆ. ಐವತ್ತು ವರ್ಷದಲ್ಲಿ ತನ್ನ ಗಾಡಿಯ ಒಂದು ಗಾಲಿಯೂ ಕಳಚಿಲ್ಲ ಎಂದರು. ಆಮೇಲೆ ಕಾಟಮ್ಮನವರ ಯಾವ ಕಾಲು ಎಂದು ಕೇಳಿದರು. ಬಲಗಾಲು ಎಂದೆ. ಅಂದು ರಾತ್ರಿ ಅವರು ಊಟ ಮಾಡಲಿಲ್ಲ.

ಅಷ್ಟರಲ್ಲಿ ಯರ್ರಿಸ್ವಾಮಿಯವರು, ಮೈಲಾರಿ ಹಳೆಯ ಬೇರಿಂಗನ್ನೇ ತೊಳೆದು ಹಾಕಿ ಮೋಸ ಮಾಡಿದ್ದಾನೆ ಎಂದು ದೂರು ಕೊಟ್ಟಾಗಿತ್ತು. 06-07-2025ರ ಬೆಳಿಗ್ಗೆ 9 ಗಂಟೆಗೆ ಸಂಘದ ಸಭೆ ಸೇರಿತು. ಕೀಲೆಣ್ಣೆಯ ವಿಷಯವನ್ನು ನಾನು ಅಲ್ಲಿಯೇ ಹೇಳಿದೆ. ಯರ್ರಿಸ್ವಾಮಿಯವರು, ‘ಹೆಂಗೂ ದೂರು ಕೊಟ್ಟಾಯ್ತು, ಸುಮ್ಕಿರು ತಾಯಿ. ಗಾಡಿ ಠಾಣೆಯಾಗೆ ನಿಂತೈತೆ, ಹೊಲದ ಹದ ಆರ್ತಾ ಐತೆ. ಮೈಲಾರಿ ಏನು ನಮ್ಮ ನೆಂಟನಾ? ನಿಮ್ಮಜ್ಜನ್ನ ಈ ವಯಸ್ಸಿನಾಗೆ ಕಟಕಟೆ ಹತ್ತಿಸ್ತೀಯಾ?’ ಎಂದರು. ಶೆಡ್ಡಿನಲ್ಲಿರುವ ಹಳೆಯ ಬೇರಿಂಗ್‌ಗಳನ್ನು ಬಾವಿಗೆ ಹಾಕುವಂತೆಯೂ ಹೇಳಿದರು. ನಾನು ಹಾಕಲಿಲ್ಲ. ಶೆಡ್ಡಿನ ಬೀಗದ ಕೈಯನ್ನು ಈ ಹೇಳಿಕೆಯ ಜೊತೆ ಒಪ್ಪಿಸುತ್ತಿದ್ದೇನೆ.

ದುಡಿದು ತಿನ್ನುವವನ ಮೇಲೆ ದುಡಿದು ತಿನ್ನುವವರೇ ಸುಳ್ಳು ಕೇಸು ಹಾಕಿದರೆ ಅದು ಸಂಘವಲ್ಲ, ಊರಿಗೆ ಇನ್ನೊಬ್ಬ ಯಜಮಾನ. ಈ ವಾಕ್ಯ ಪ್ರಕರಣಕ್ಕೆ ಬೇಕಿಲ್ಲ ಎಂದು ಬರೆದುಕೊಳ್ಳುತ್ತಿದ್ದವರು ಹೇಳಿದರು. ಬೇಕು ಎಂದು ನಾನು ಕೋರಿದ ಮೇಲೆ ಬರೆದುಕೊಂಡಿದ್ದಾರೆ.

ನಿನ್ನೆ ಸಂಜೆ ಮೈಲಾರಿಯವರನ್ನು ಚನ್ನಗಿರಿಯಿಂದ ಇಲ್ಲಿಗೆ ಕರೆತಂದಿರುವುದಾಗಿ ತಿಳಿಯಿತು. ಇಂದು ನಾನು ಒಳಗೆ ಬರುವಾಗ ಅವರು ಗೋಡೆಗೆ ಒರಗಿ ಕುಳಿತಿದ್ದರು. ಅವರು ಹಾಕಿದ ಬೇರಿಂಗ್ ಹೊಸದು. ಟ್ರ್ಯಾಕ್ಟರಿನ ಬಲ ಹಿಂಗಾಲಿಯನ್ನು ಇನ್ನೂ ಯಾರೂ ಬಿಚ್ಚಿಲ್ಲ. ಅದನ್ನು ಪಂಚ ಸಾಕ್ಷಿಗಳ ಮುಂದೆ ಬಿಚ್ಚಿಸಿದರೆ ಹೊಸ ಬೇರಿಂಗೂ ಕೀಲೆಣ್ಣೆಯೂ ಒಟ್ಟಿಗೇ ಸಿಗುತ್ತವೆ. ಮೈಲಾರಿಯವರನ್ನು ಬಿಟ್ಟು ಕಳುಹಿಸಬೇಕು.

ಅಜ್ಜ ಚಿಕ್ಕಹನುಮಂತಪ್ಪನವರು ನನ್ನ ಜೊತೆಯಲ್ಲೇ ಬಸ್ಸಿನಲ್ಲಿ ಬಂದಿದ್ದಾರೆ. ಬರಬೇಡಿ ಎಂದೂ ನಾನು ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಹೊರಗಿನ ಬೆಂಚಿನ ಮೇಲಿದ್ದಾರೆ. ಅವರ ಹೇಳಿಕೆಯನ್ನೂ ಪಡೆಯಬೇಕು. ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕುಳಿತು ಕೇಳಬೇಕು, ಗದರಿಸಬಾರದು. ಸಾಧ್ಯವಾದರೆ ಮಧ್ಯಾಹ್ನದ ಬಸ್ಸಿಗೆ ಕಳುಹಿಸಿಕೊಡಬೇಕು. ನಿನ್ನೆಯಿಂದ ಕಾಟಮ್ಮನವರ ಕುರಿಗಳನ್ನು ಅವರೇ ಮೇಯಿಸುತ್ತಿದ್ದಾರೆ, ಇವತ್ತು ಅವು ಬೆಳಿಗ್ಗೆಯಿಂದ ಹಟ್ಟಿಯಲ್ಲೇ ಇವೆ.

ಮೇಲೆ ಬರೆದದ್ದನ್ನು ನನಗೆ ಓದಲು ಕೊಟ್ಟರು. ಎರಡು ಸಲ ಓದಿದ್ದೇನೆ. ನಾನು ಹೇಳಿದ್ದೇ ಇದೆ, ನಾನು ಹೇಳಿದ್ದು ಸತ್ಯವಾಗಿದೆ.

ಸ್ಥಳ: ಜಗಳೂರು
ದಿನಾಂಕ: 07-07-2025
ಸಹಿ: ದುರ್ಗಾಂಬಿಕಾ